ಪದಚರ್ಚೆ: ಕೀಮೋ ಕರಪತ್ರಕ್ಕೆ ‘ನ್ಯೂಟ್ರಿಷನಲ್ ಸ್ಟೇಟಸ್’, ‘ಔಟ್‌ಕಮ್’ – ಏನಂತ ಹಾಕೋದು?

> ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರಿಗೆ ಕೀಮೋ (ಔಷಧಿ ಚಿಕಿತ್ಸೆ) ತಗೊಳ್ಳೋ ಹೆಂಗಸರಿಗೆ ನಮ್ಮ ಆಸ್ಪತ್ರೆ ಡೇಕೇರಲ್ಲಿ ಒಂದು ಕರಪತ್ರ ಮಾಡ್ತಿದೀವಿ, ನಾಳೆ ಸಂಜೆ ಪ್ರಿಂಟಿಗೆ. ನ್ಯೂಟ್ರಿಷನಲ್ ಸ್ಟೇಟಸ್‌ಗೆ ‘ಪೌಷ್ಟಿಕ ಸ್ಥಿತಿ’, ಔಟ್‌ಕಮ್‌ಗೆ ‘ಫಲಿತಾಂಶ’ ಅಂತ ಹಾಕಿದೀನಿ. ಸರೀನಾ? ಬೇಗ ಹೇಳಿ ಪ್ಲೀಸ್.

>> ಮೊದಲು ಕ್ಯಾನ್ಸರ್ ತೆಗೆದು ಏಡಿಹುಣ್ಣು ಅಂತ ಹಾಕಿ. ಆಮೇಲೆ ಮಿಕ್ಕಿದ್ದು.

ಮೇಡಂ, ನಿಮ್ಮ ಎರಡೂ ಪದ ಬೇಡ.

‘ಪೌಷ್ಟಿಕ’ ಪುಷ್ಟಿಯಿಂದ ಬಂದಿದ್ದು, ಪುಷ್ಟಿ ಕೊಡುವಂಥದ್ದು ಅಂತ. ರಾಗಿಮುದ್ದೆ ಪೌಷ್ಟಿಕ, ಹುರುಳಿಕಾಳು ಪೌಷ್ಟಿಕ, ಸ್ಥಿತಿ ಹೇಗ್ರೀ ಪೌಷ್ಟಿಕ ಆಗತ್ತೆ? ಡಾಕ್ಟರುಗಳಿಗಾದ್ರೆ ‘ಪೋಷಣೆಯ ಸ್ಥಿತಿ’ ಅನ್ನಿ, ಸಾಕು. ರೋಗಿಗಳಿಗೆ ಅದೂ ಬೇಡ. ‘ಪುಷ್ಟಿ’ ಅಂದ ತಕ್ಷಣ ಜನಕ್ಕೆ ನೆನಪಾಗೋದು ದಷ್ಟಪುಷ್ಟ, ಈ ಕಾಯಿಲೇಲಿ ಮೋಸ ಆಗೋದೇ ಅಲ್ಲಿ. ಬೇರೆ ಎಷ್ಟೋ ಕ್ಯಾನ್ಸರಲ್ಲಿ ಸೊರಗಿ ಹೋಗ್ತಾರೆ, ಸ್ತನ ಕ್ಯಾನ್ಸರಿನ ಕೀಮೋಲಿ ಬಹಳ ಜನಕ್ಕೆ ತೂಕ ಏರತ್ತೆ, ವಾಂತಿ ತಡೆಯಕ್ಕೆ ಕೊಡೋ ಡೆಕ್ಸಾಮೆಥಾಸೋನ್ ಹಸಿವು ಹೆಚ್ಚಿಸತ್ತೆ, ಸುಸ್ತಿಗೆ ಓಡಾಟ ನಿಲ್ಲತ್ತೆ, ಕೆಲವರಿಗೆ ಮುಟ್ಟೂ ನಿಲ್ಲತ್ತೆ, ಮೇಲೆ ಕೊಬ್ಬು ಕೂಡ್ತಿದ್ರೆ ಒಳಗೆ ಮಾಂಸಖಂಡ ಕರಗ್ತಿರತ್ತೆ. ಖಂಡ ಕಮ್ಮಿ ಇದ್ದೋರಿಗೆ ಔಷಧಿಯ ಅಡ್ಡಪರಿಣಾಮ ಜೋರು, ಡೋಸ್ ಇಳಿಸಬೇಕಾಗತ್ತೆ, ಇಲ್ಲಾ ಮುಂದಕ್ಕೆ ಹಾಕಬೇಕಾಗತ್ತೆ. ನಮ್ಮಕ್ಕನಿಗೆ ನಾಲ್ಕನೇ ಕೀಮೋ ಆದಾಗ ಬೀದೀಲಿ ಎಲ್ಲಾರೂ ‘ಮೈ ಬಂದಿದೆ, ಚೆನ್ನಾಗಾಗಿದೀಯ’ ಅನ್ನೋರು. ಅವಳ ಕೈಲಿ ಮನೆ ಮೆಟ್ಲು ಹತ್ತಕ್ಕೆ ಆಗ್ತಿರಲಿಲ್ಲ.

ನಮ್ಮಮ್ಮ ಆಗ ಹೇಳ್ತಿದ್ದ ಮಾತೇ ನಿಮಗೆ ಬೇಕಾದ ಪದ: ‘ಮೈ ಬಂದಿದೆ, ಆದ್ರೆ ಉಂಡಿದ್ದು ಮೈಗೆ ಹತ್ತಿಲ್ಲ.’ ಮೈ ಬರೋದು ಬೇರೆ, ಮೈಗೆ ಹತ್ತೋದು ಬೇರೆ. ನ್ಯೂಟ್ರಿಷನಲ್ ಸ್ಟೇಟಸ್ ಅಂದ್ರೆ ಈ ಎರಡನೇದು.

‘ಫಲಿತಾಂಶ’ ಅಂತೂ ಖಂಡಿತಾ ಬೇಡ, ಅದು ಎಸ್ಸೆಸ್ಸೆಲ್ಸಿ ಬೋರ್ಡಿಂದು. ಓದಿದ ಹೆಂಗಸು ನಾನು ಪಾಸೋ ಫೇಲೋ ಅಂತ ಕೂತ್ಕೋತಾಳೆ. ಔಟ್‌ಕಮ್ ಅಂದ್ರೆ ಇಲ್ಲಿ ಬಿಡಿಬಿಡಿ ಸಂಗತಿಗಳು: ಕೀಮೋ ಪೂರ್ತಿ ಮುಗೀತಾ, ಸೋಂಕು ಆಯ್ತಾ, ರೋಗ ಮರುಕಳಿಸ್ತಾ, ಎಷ್ಟು ವರ್ಷ ಬದುಕಿದ್ರು. ನೀವು ಯಾವುದನ್ನ ಹೇಳ್ತಿದೀರೋ ಅದನ್ನೇ ಬರೀರಿ.

ಇನ್ನು ಏಡಿಹುಣ್ಣು. ಗ್ರೀಕರು ಏಡಿ ಅಂದ್ರು, ಲ್ಯಾಟಿನ್ನೋರು ಏಡಿಗೆ ಅವರ ಮಾತಲ್ಲಿ ‘ಕ್ಯಾನ್ಸರ್’ ಅಂದ್ರು, ನೀವೂ ಅದನ್ನೇ ಅಂತಿದೀರ, ಅದೂ ಎರವಲೇ ಸ್ವಾಮಿ. ಅದಕ್ಕಿಂತ ಮುಖ್ಯ, ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಶುರುವಾಗೋದು ನೋವಿಲ್ಲದ ಗಂಟಾಗಿ. ಹುಣ್ಣು ಅಂತ ಓದಿದೋಳು ಹುಣ್ಣಾಗ್ಲಿ ಅಂತ ಕಾಯ್ತಾಳೆ. ಬೆಂಗಳೂರು ಹೊಸೂರು ರೋಡಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೇಲಿ ಹಳ್ಳಿಯಿಂದ ಬಂದ ಅಜ್ಜೀರೂ ಕ್ಯಾನ್ಸರ್ ಅಂತಾನೇ ಹೇಳೋದು. ‘ಕ್ಯಾನ್ಸರ್’ ಪದ ಮುಟ್ಟಬೇಡಿ.

ತಲೆಬರಹ ಹೀಗಿರಲಿ: ‘ಕೀಮೋ ಸಮಯದಲ್ಲಿ ಉಂಡದ್ದು ಮೈಗೆ ಹತ್ತುತ್ತಿದೆಯೇ?’ ಕೆಳಗೆ: ‘ತೂಕ ಹೆಚ್ಚಿದರೂ ಇಳಿದರೂ ಡಾಕ್ಟರಿಗೆ ತಿಳಿಸಿ.’ ಪ್ರೂಫ್ ಇವತ್ತು ರಾತ್ರಿನೇ ಕಳಿಸಿ ಮೇಡಂ, ಬೆಳಗ್ಗೆಯೊಳಗೆ ನೋಡಿಕೊಡ್ತೀನಿ.