ಅಪ್‌ಡೇಟ್: ಹಾಲಿನ ಸರಬರಾಜು ಸರಪಳಿಗೆ ಯಾವ ಮಾದರಿ?

ಹಳ್ಳಿಯ ಡೇರಿಗಳಿಂದ ಶೀತಲೀಕರಣ ಕೇಂದ್ರಕ್ಕೆ ಬರುವ ಹಾಲಿನ ಸಿಮ್ಯುಲೇಷನ್‌ಗೆ (ಕಂಪ್ಯೂಟರಿನಲ್ಲಿ ಮಾಡುವ ಅನುಕರಣೆಗೆ) ಸಿಸ್ಟಮ್ ಡೈನಮಿಕ್ಸ್, ಡಿಸ್ಕ್ರೀಟ್ ಇವೆಂಟ್, ಏಜೆಂಟ್ ಆಧಾರಿತ ಮಾದರಿ ಈ ಮೂರರಲ್ಲಿ ಯಾವುದು ಹೊಂದುತ್ತದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಡಿಸ್ಕ್ರೀಟ್ ಇವೆಂಟ್ ಆರಿಸಿಕೊಂಡು, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಿಮ್‌ಪೈ ಎಂಬ ಲೈಬ್ರರಿ ಬಳಸಿ ಬರೆಯುತ್ತಿದ್ದೇನೆ.

‘ಉತ್ತರ ಬೇಕಿರುವ ಪ್ರಶ್ನೆಯನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆಯಿರಿ’ ಎಂಬ ಸಲಹೆಯೇ ಗಂಟು ಬಿಡಿಸಿತು. ಬರೆದೆ: ಬೆಳಗ್ಗೆ ವಾಹನಗಳೆಲ್ಲ ಒಟ್ಟಿಗೆ ಬಂದಾಗ ಕ್ಯಾನುಗಳು ಎಷ್ಟು ಹೊತ್ತು ಕಾಯುತ್ತವೆ? ಕ್ಯಾನ್ ಇಳಿಯಿತು, ಮುಚ್ಚಳ ತೆಗೆದು ಮೂಸಿ ನೋಡಿದರು, ಸ್ಯಾಂಪಲ್ ತೆಗೆದರು, ತೂಕದ ತೊಟ್ಟಿಗೆ ಸುರಿದರು. ಒಂದೊಂದೂ ಒಂದು ಘಟನೆ, ಒಂದೊಂದರ ಮುಂದೆಯೂ ಸಾಲು. ಹೀಗೆ ಬಿಡಿಬಿಡಿ ಘಟನೆಗಳನ್ನು ಒಂದೊಂದಾಗಿ ಲೆಕ್ಕ ಹಾಕುವುದೇ ಡಿಸ್ಕ್ರೀಟ್ ಇವೆಂಟ್ ಮಾದರಿ. ಹಾಲು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ತನಕ ಬ್ಯಾಕ್ಟೀರಿಯಾ ಸುಮ್ಮನಿರುವುದಿಲ್ಲ. ಆದ್ದರಿಂದ ಸರಾಸರಿ ಕಾಯುವಿಕೆ ನನಗೆ ಸಾಲದು; ಎಲ್ಲಕ್ಕಿಂತ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಂತ ಕ್ಯಾನಿನ ಲೆಕ್ಕ ಬೇಕು.

ಜೇ ಫಾರೆಸ್ಟರ್ ರೂಪಿಸಿದ ಸಿಸ್ಟಮ್ ಡೈನಮಿಕ್ಸ್ ಹರಿವು, ದಾಸ್ತಾನು, ವಿಳಂಬಗಳನ್ನು ಒಟ್ಟು ಮೊತ್ತದಲ್ಲಿ ನೋಡುತ್ತದೆ. ಖರೀದಿ ದರ ಏರಿದರೆ ರೈತರು ಹಸು ಕೊಂಡು, ಕರು ಬೆಳೆದು, ಹಾಲು ಹೆಚ್ಚಾಗಲು ವರ್ಷಗಳೇ ಹಿಡಿಯುತ್ತವಲ್ಲ, ಅಂಥ ಪ್ರಶ್ನೆಗೆ ಅದು ಹೇಳಿ ಮಾಡಿಸಿದ್ದು. ಒಬ್ಬೊಬ್ಬ ರೈತನನ್ನೂ ತನ್ನದೇ ನಿಯಮದಂತೆ ನಡೆಯುವ ಪಾತ್ರವಾಗಿ ನೋಡುವ ಏಜೆಂಟ್ ಮಾದರಿಯನ್ನೂ ಕೈಬಿಟ್ಟೆ. ರೈತ ಯಾವ ಡೇರಿಗೆ ಹಾಲು ಹಾಕುತ್ತಾನೆ ಎಂಬುದರ ನಿಯಮವನ್ನು ಮಾಹಿತಿಯಿಲ್ಲದೆ ಬರೆದರೆ ಅದು ಕಥೆಯಾಗುತ್ತದೆ.

ಈಗಿನ ತಲೆನೋವು ಗೇಟಿನ ರಿಜಿಸ್ಟರ್. ವಾಹನಗಳೆಲ್ಲ 7.00, 7.15, 7.30ಕ್ಕೇ ಬಂದಂತೆ ಬರೆದಿದ್ದಾರೆ! ಬಂದ ನಿಜವಾದ ಹೊತ್ತು ಗೊತ್ತಿಲ್ಲದೆ ಕಾಯುವಿಕೆಯ ಲೆಕ್ಕ ಸರಿಯಾಗದು. ಮುಂದಿನ ವಾರ ಗಡಿಯಾರ ಹಿಡಿದು ನಾನೇ ಗೇಟಿನ ಬಳಿ ನಿಲ್ಲುತ್ತೇನೆ.