ಸ್ಪರ್ಶ ಕಾರ್ಡು ಕೊಟ್ಟರೆ ಮಕ್ಕಳು ಎಸೆಯುತ್ತಾರೆ, ಏನು ಮಾಡುವುದು?

ಪ್ರಶ್ನೆ:
ಆರೇಳು ವರ್ಷದ, ದೃಷ್ಟಿಯಿಲ್ಲದ ಮಕ್ಕಳು. ಇಬ್ಬರಿಗೆ ಮಾತೂ ಇಲ್ಲ. ಮುಂದೇನು ಎಂದು ತಿಳಿಸಲು ಸ್ಪರ್ಶ ಕಾರ್ಡು ಶುರು ಮಾಡಿದ್ದೇವೆ: ಬಸ್ಸಿಗೆ ಆಟಿಕೆ ಬಸ್ಸು, ಊಟಕ್ಕೆ ಪುಟ್ಟ ಪ್ಲಾಸ್ಟಿಕ್ ತಟ್ಟೆ, ಹೀಗೆ ಒಟ್ಟು ಹನ್ನೆರಡು. ಯಾರೂ ಗುರುತಿಸುತ್ತಿಲ್ಲ. ಇದು ಕೂಡಿಬಂದ ಮೇಲೆ ಬ್ರೈಲ್ ಶುರು ಮಾಡಿದರೆ ಸಾಕೇ?

ಉತ್ತರ 1:
ಆಟಿಕೆ ಬಸ್ಸು ಬಸ್ಸಿನಂತೆ ಕಾಣುವುದು ನಮ್ಮ ಕಣ್ಣಿಗೆ ಮಾತ್ರ. ಬೆರಳಿಗೆ ಅದು ಚಕ್ರವಿರುವ ಪ್ಲಾಸ್ಟಿಕ್ ತುಂಡು, ಅಷ್ಟೇ. ಮಗುವಿನ ಕೈ ಬಸ್ಸಿನಲ್ಲಿ ನಿಜವಾಗಿ ಮುಟ್ಟುವುದು ಸೀಟ್ ಬೆಲ್ಟನ್ನು. ಅದರ ಬಕಲನ್ನೇ ಅಂಟಿಸಿ. ಊಟಕ್ಕೆ ಮಗು ದಿನಾ ಹಿಡಿಯುವಂಥದೇ ಚಮಚ.

ಹನ್ನೆರಡು ತೀರಾ ಹೆಚ್ಚಾಯಿತು. ಮೂರ್ನಾಲ್ಕರಿಂದ ಶುರು ಮಾಡಿ, ಅವೂ ಮುಟ್ಟಿದರೆ ಒಂದಕ್ಕೊಂದು ಪೂರ್ತಿ ಬೇರೆ ಅನ್ನಿಸಬೇಕು. ಚಮಚ, ಹಲ್ಲುಜ್ಜುವ ಬ್ರಷ್ ಎರಡೂ ಉದ್ದ ಹಿಡಿಯವು, ಮೊದಲ ಕಂತಿನಲ್ಲಿ ಒಟ್ಟಿಗೆ ಬೇಡ.

ರಟ್ಟು ಎಲ್ಲಕ್ಕೂ ಒಂದೇ ಅಳತೆ, ಸುಮಾರು 10 ಸೆಂ.ಮೀ. ಚೌಕ. ಮೇಲಿನ ಬಲಮೂಲೆ ಕತ್ತರಿಸಿದರೆ ನೆಟ್ಟಗೆ ಹಿಡಿದದ್ದು ಕೈಗೆ ಗೊತ್ತಾಗುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಎಲ್ಲ ಕಾರ್ಡೂ ಒಂದೇ ನುಣುಪಾಗಿಬಿಡುತ್ತವೆ. ಬಿಸಿ ಅಂಟು ಅಂಚಿನಲ್ಲಿ ಗಂಟುಕಟ್ಟಿದರೆ ಕೆರೆದು ತೆಗೆಯಿರಿ. ಇಲ್ಲವಾದರೆ ಮಗು ಆ ಗಂಟನ್ನೇ ಗುರುತು ಮಾಡಿಕೊಳ್ಳುತ್ತದೆ, ಹೊಸ ಕಾರ್ಡು ಬಂದಾಗ ಕಕ್ಕಾಬಿಕ್ಕಿ.

ಉತ್ತರ 2:
ಎಸೆಯುವುದಕ್ಕೆ ಇನ್ನೊಂದು ಕಾರಣ ಕೊಡುವ ರೀತಿ. ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಕಾರ್ಡಿಗೆ ಒತ್ತಬೇಡಿ. ನಿಮ್ಮ ಕೈ ಕೆಳಗಿರಲಿ, ಅದರ ಮೇಲೆ ಮಗುವಿನ ಕೈ. ನೀವು ಮುಟ್ಟುತ್ತಾ ಹೋದರೆ ಅದು ತಾನಾಗಿ ಜಾರಿ ಕಾರ್ಡಿಗೆ ಬರುತ್ತದೆ. ಕೆಲಸ ಶುರುವಾಗುವ ಮುಂಚೆಯೇ ಕೊಡಿ, ಅಲ್ಲಿಯವರೆಗೆ ಮಗುವೇ ಹಿಡಿದು ಬರಲಿ. ಮುಗಿದ ಮೇಲೆ ‘ಮುಗಿಯಿತು’ ಡಬ್ಬಿಗೆ ಹಾಕಿಸಿ. ಆಯಾ, ಚಾಲಕ, ಬದಲಿ ಶಿಕ್ಷಕರು ಎಲ್ಲರೂ ಅದೇ ಕಾರ್ಡು, ಅದೇ ಪದ ಬಳಸಬೇಕು.

ಉತ್ತರ 3:
ಬ್ರೈಲನ್ನು ಮುಂದೂಡಬೇಡಿ ಸರ್. ಕಾರ್ಡಿನ ಕೆಳಗೆ ಮೊದಲ ದಿನದಿಂದಲೇ ಬ್ರೈಲಿನಲ್ಲಿ ಪದ ಇರಲಿ. ಓದಲು ಬಾರದಿದ್ದರೂ ಬೆರಳಿಗೆ ಪರಿಚಯವಾಗುತ್ತದೆ. ಆದರೆ ಅಂಟಿನ ಹನಿಯಿಂದ ದೊಡ್ಡ ಚುಕ್ಕಿ ಮಾಡಬೇಡಿ. ಬ್ರೈಲಿನ ಒಂದು ಕೋಶದ, ಅಂದರೆ ಆರು ಚುಕ್ಕಿಗಳ ಒಂದು ಗುಂಪಿನ, ಚುಕ್ಕಿಗಳ ನಡುವೆ ಸುಮಾರು 2.5 ಮಿ.ಮೀ. ಅಂತರ, ಎತ್ತರ ಅರ್ಧ ಮಿ.ಮೀ. ಆಸುಪಾಸು. ಆರೂ ಚುಕ್ಕಿ ಒಂದೇ ಬೆರಳತುದಿಗೆ ಸಿಗಬೇಕೆಂದೇ ಆ ಅಳತೆ.

ಬರವಣಿಗೆಗೆ ಮೊದಲು ಬ್ರೈಲರ್ ಕೊಡಿ, ಅಂದರೆ ಕೀಲಿ ಒತ್ತಿ ಬ್ರೈಲ್ ಚುಕ್ಕಿ ಮೂಡಿಸುವ ಯಂತ್ರ. ಬ್ರೈಲ್ ಸ್ಲೇಟಿನಲ್ಲಿ (ಹಾಳೆ ಸಿಕ್ಕಿಸಿ ಮೊನೆಯಿಂದ ಚುಕ್ಕಿ ಚುಚ್ಚುವ ಚೌಕಟ್ಟು) ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುಗಿಸಿ ಓದಬೇಕು. ಆರಂಭದಲ್ಲೇ ಆ ತಿರುವುಮುರುವು ಹೊರೆ.

ಪ್ರಶ್ನೆ ಕೇಳಿದವರು:
ಬಸ್ಸಿನಲ್ಲಿ ಬೆಲ್ಟೇ ಇಲ್ಲದಿದ್ದರೆ?

ಉತ್ತರ 1:
ಸೀಟಿನ ರೆಕ್ಸಿನ್ ತುಂಡು, ಹೊಲಿಗೆ ಇರುವ ಭಾಗ. ಹತ್ತುವಾಗ ಮೊದಲು ಕಂಬಿ ಹಿಡಿಯುವ ಮಗುವಾದರೆ ಅದೇ ದಪ್ಪದ ಕೊಳವೆ ತುಂಡು, ತುದಿ ಉಜ್ಜಿ ನಯ ಮಾಡಿ.