ಹಿರಿಯ ಆಟಗಾರರನ್ನು ಕೈಬಿಟ್ಟು ಹುಡುಗರಿಂದಲೇ ಕ್ಲಬ್ಬನ್ನು ಮತ್ತೆ ಕಟ್ಟಬೇಕೇ?

ಪ್ರಶ್ನೆ – ಗಣಿ ಮೈದಾನ, ಕೆಜಿಎಫ್

ಕೆಜಿಎಫ್‌ನ ಒಂದು ಹಳೆಯ ಫುಟ್‌ಬಾಲ್ ಕ್ಲಬ್ಬಿನ ತರಬೇತಿಯ ಹೊಣೆ ಕಳೆದ ಜೂನ್‌ನಿಂದ ನನ್ನ ಹೆಗಲಿಗೆ ಬಿದ್ದಿದೆ. ನಾನು ವೃತ್ತಿಯಿಂದ ಪ್ರೌಢಶಾಲೆಯ ಗಣಿತ ಶಿಕ್ಷಕ. ಫುಟ್‌ಬಾಲ್ ತರಬೇತುದಾರರಿಗೆ ನಡೆಸುವ ಡಿ ಲೈಸೆನ್ಸ್ ಶಿಬಿರವೊಂದನ್ನು ಮುಗಿಸಿರುವುದರ ಹೊರತು ಬೇರೆ ಅರ್ಹತೆ ನನಗಿಲ್ಲ. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಮನೆಗೂ ಹೋಗದೆ ನೇರವಾಗಿ ಮೈದಾನಕ್ಕೆ ಬರುತ್ತಿದ್ದರೆಂದು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆಟವೇನೂ ನಿಲ್ಲಲಿಲ್ಲ, ಆದರೆ ಆಟವನ್ನು ನೋಡಿಕೊಳ್ಳುವವರು ಇಲ್ಲವಾದರು. ಈಗ ನಮ್ಮ ಹುಡುಗರ ತಂದೆಯರಲ್ಲಿ ಬಹುಪಾಲು ಜನ ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಲ್ಲಿ ಬೆಂಗಳೂರಿನ ರೈಲು ಹತ್ತಿ, ಮಕ್ಕಳು ಮಲಗುವ ಹೊತ್ತಿಗೆ ಮನೆ ಸೇರುವವರು.

ಕ್ಲಬ್ಬಿನಲ್ಲಿ 14 ವರ್ಷದೊಳಗಿನ 31 ಹುಡುಗರಿದ್ದಾರೆ, ಹಿರಿಯರ ತಂಡದಲ್ಲಿ 16 ಮಂದಿ ಇದ್ದಾರೆ. ಸಂಜೆ 5ಕ್ಕೆ ಅಭ್ಯಾಸವೆಂದರೆ ಹಿರಿಯರು ಬರುವುದು 5.40ಕ್ಕೆ. ಬಂದ ಕೂಡಲೇ ಇಡೀ ಮೈದಾನ ಅವರದಾಗುತ್ತದೆ. ಹುಡುಗರು ಗೋಲಿನ ಹಿಂದೆ ನಿಂತು, ಜಾಲಿಯ ಪೊದೆಗೆ ಹೋದ ಚೆಂಡನ್ನು ಹೆಕ್ಕಿ ಕೊಡುತ್ತಾರೆ. ಒಂದು ಸಂಜೆ ನಾನು ಬೇರೆ ಯಾವ ಕೆಲಸವನ್ನೂ ಮಾಡದೆ ಹನ್ನೊಂದು ವರ್ಷದ ಒಬ್ಬ ಹುಡುಗನನ್ನೇ ನೋಡುತ್ತ ಕುಳಿತೆ. ಒಂದೂವರೆ ಗಂಟೆಯಲ್ಲಿ ಅವನ ಕಾಲಿಗೆ ಚೆಂಡು ತಾಗಿದ್ದು ಒಂಬತ್ತು ಸಲ, ಅದರಲ್ಲೂ ಏಳು ಸಲ ಪೊದೆಯಿಂದ ತಂದು ಒಳಗೆ ಒದ್ದದ್ದು.

ಇನ್ನೊಂದು ತೊಡಕೆಂದರೆ ಸೆವೆನ್ಸ್, ಎಂದರೆ ಏಳು ಜನರ ತಂಡಗಳ ಟೂರ್ನಿಗಳು. ಆಂಧ್ರದ ಗಡಿಯ ಕಡೆಗೋ ತಮಿಳುನಾಡಿನ ಕಡೆಗೋ ಯಾರಾದರೂ ಕರೆದು ಕೈಗೆ ಐನೂರೋ ಸಾವಿರವೋ ಕೊಟ್ಟರೆ ನಮ್ಮ ನಾಲ್ಕೈದು ಜನ ಅಲ್ಲಿರುತ್ತಾರೆ, ನಮ್ಮದೇ ಪಂದ್ಯ ಅದೇ ದಿನ ಇದ್ದರೂ ಸರಿಯೇ. ಕಳೆದ ತಿಂಗಳು ಹಾಗೆಯೇ ಆಗಿ ಒಂಬತ್ತು ಜನರೊಂದಿಗೆ ಆಡಿ 0-6ರಿಂದ ಸೋತೆವು. ಸಮಿತಿಯವರು ಈ ವರ್ಷ ಒಂದಾದರೂ ಕಪ್ ಬೇಕೆನ್ನುತ್ತಿದ್ದಾರೆ. ಅಲೆಕ್ಸ್ ಫರ್ಗ್ಯೂಸನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ತರಬೇತುದಾರರಾಗಿ ಬಂದಾಗ ಅಲ್ಲಿ ಬೇರೂರಿದ್ದ ಕುಡಿತದ ರೂಢಿಯನ್ನು ಮುರಿಯಲು ಮೆಕ್‌ಗ್ರಾ, ವೈಟ್‌ಸೈಡ್‌ರಂಥ ಜನಪ್ರಿಯ ಆಟಗಾರರನ್ನೇ 1989ರಲ್ಲಿ ಮಾರಿದರೆಂದು ಓದಿದ್ದೇನೆ. ನಾನೂ ಈ ಹದಿನಾರು ಜನರಿಗೆ ಕೈಮುಗಿದು, ಮೂರು ವರ್ಷ ಕಪ್ಪಿನ ಮಾತೆತ್ತದೆ ಹುಡುಗರಿಂದಲೇ ಆರಂಭಿಸುವುದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ – ಬಿಳಿಗೆರೆ, ತುಮಕೂರು

ನಿವೃತ್ತ ದೈಹಿಕ ಶಿಕ್ಷಕನಾಗಿ, ತುಮಕೂರಿನಲ್ಲಿ ಎರಡು ಕ್ಲಬ್ಬುಗಳನ್ನು ನಡೆಸಿ ಒಂದನ್ನು ನನ್ನ ಕೈಯಾರೆ ಹಾಳುಮಾಡಿದವನಾಗಿ ಬರೆಯುತ್ತಿದ್ದೇನೆ.

ಫರ್ಗ್ಯೂಸನ್ನರ ಉದಾಹರಣೆಯನ್ನು ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ. ಅವರು ಬಂದದ್ದು 1986ರ ನವೆಂಬರ್‌ನಲ್ಲಿ. ಮೊದಲ ಕಪ್ ಬಂದದ್ದು 1990ರಲ್ಲಿ, ಲೀಗ್ ಗೆದ್ದದ್ದು 1993ರಲ್ಲಿ. ಅವರು ಇಬ್ಬರನ್ನು ಮಾರಿದರೆ ಆ ಜಾಗಕ್ಕೆ ಹಣ ಕೊಟ್ಟು ಬೇರೆ ಇಬ್ಬರನ್ನು ತರಬಲ್ಲವರಾಗಿದ್ದರು, ನಿಮಗೆ ಆ ಅನುಕೂಲವಿಲ್ಲ. ಜೊತೆಗೆ, ಬಂದ ದಿನದಿಂದಲೂ ಊರೂರಿನಲ್ಲಿ ಹುಡುಗರನ್ನು ಹುಡುಕುವ ಜನರ ಸಂಖ್ಯೆಯನ್ನು ಅವರು ಹೆಚ್ಚಿಸುತ್ತ ಹೋದರು. ಗಿಗ್ಸ್, ಬೆಕಮ್, ಗ್ಯಾರಿ ನೆವಿಲ್ ಇದ್ದ ತಂಡ ಕಿರಿಯರ ಎಫ್‌ಎ ಕಪ್ ಗೆದ್ದದ್ದು 1992ರಲ್ಲಿ, ಎಂದರೆ ಐದು ವರ್ಷಗಳ ಮೇಲೆ. ಅದೇ ವರ್ಷದ ಕೊನೆಗೆ ಬಂದ ಕ್ಯಾಂಟೊನಾ ಎಂಬ ಹಿರಿಯ ಆಟಗಾರ ಅಭ್ಯಾಸ ಮುಗಿದ ಮೇಲೂ ಮೈದಾನದಲ್ಲೇ ಉಳಿದು ಚೆಂಡು ಒದೆಯುತ್ತಿದ್ದುದನ್ನು ಕಂಡು ಆ ಹುಡುಗರೂ ಉಳಿಯತೊಡಗಿದರು. ನೀವು ಕೈಮುಗಿದು ಕಳುಹಿಸಹೊರಟಿರುವ ಹದಿನಾರರಲ್ಲಿ ಅಂಥವನೊಬ್ಬ ಇದ್ದಾನೆಯೇ ಎಂಬುದನ್ನು ಮೊದಲು ನೋಡಿ. ತಂದೆಯರು ರೈಲಿನಲ್ಲಿರುವ ಊರಿನಲ್ಲಿ ಆ ಮೂವತ್ತೊಂದು ಮಕ್ಕಳು ಸಂಜೆ ಹೊತ್ತು ನೋಡುವ ದೊಡ್ಡವರೆಂದರೆ ಇವರೇ.

ನಾನು ಹಾಳುಮಾಡಿದ್ದು ಹೇಗೆಂದು ಹೇಳಿಬಿಡುತ್ತೇನೆ. ತಡವಾಗಿ ಬಂದವರನ್ನು ಆಡಿಸುವುದಿಲ್ಲವೆಂದು ಗೋಡೆಯ ಮೇಲೆ ಬರೆಸಿದ್ದೆ. ಸೆಮಿಫೈನಲ್ ದಿನ ನಮ್ಮ ಗೋಲು ಹೊಡೆಯುವ ಹುಡುಗ ಇಪ್ಪತ್ತೈದು ನಿಮಿಷ ತಡವಾಗಿ, ಬೈಕಿನಿಂದ ಇಳಿಯುತ್ತಲೇ ಬೂಟಿನ ದಾರ ಕಟ್ಟಿಕೊಳ್ಳುತ್ತ ಬಂದ. ನಾನು ಅವನನ್ನು ಆಡಿಸಿದೆ. ಎರಡು ಗೋಲು ಹೊಡೆದು ಗೆಲ್ಲಿಸಿದ. ಮರುದಿನದ ಅಭ್ಯಾಸಕ್ಕೆ ಸರಿಯಾದ ಹೊತ್ತಿಗೆ ಬಂದವರು ನಾಲ್ಕೇ ಜನ, ಆ ನಾಲ್ವರೂ ನನ್ನ ಮುಖ ನೋಡದೆ ತಮ್ಮ ಪಾಡಿಗೆ ಓಡುತ್ತಿದ್ದರು. ಗೋಡೆಯ ಮೇಲಿನ ಬರಹವನ್ನು ಆಮೇಲೆ ನಾನೇ ಸುಣ್ಣ ಬಳಿದು ಅಳಿಸಿದೆ.

ಆದ್ದರಿಂದ ನಿಯಮಗಳ ಪಟ್ಟಿ ಬೇಡ. 5ಕ್ಕೆ ಎಂದರೆ 5ಕ್ಕೆ ಇದ್ದವರೊಂದಿಗೇ ಆರಂಭಿಸಿ, ಇಬ್ಬರಿದ್ದರೂ ಸರಿ. ಮೈದಾನವನ್ನು ಸುಣ್ಣದಿಂದ ನಾಲ್ಕು ತುಂಡು ಮಾಡಿ, ಪ್ರತಿಯೊಂದರಲ್ಲಿ ನಾಲ್ವರ ಎದುರು ನಾಲ್ವರನ್ನು ಆಡಿಸಿ. ಹನ್ನೆರಡು ವರ್ಷದವರೆಗಿನವರಿಗೆ 5ನೇ ಅಳತೆಯ ಚೆಂಡಲ್ಲ, ಅದಕ್ಕಿಂತ ಚಿಕ್ಕದಾದ 4ನೇ ಅಳತೆಯದನ್ನು ಕೊಡಿ. ಅಷ್ಟು ಚಿಕ್ಕ ಜಾಗದಲ್ಲಿ ಯಾವ ಮಗುವೂ ಚೆಂಡಿನಿಂದ ಅಡಗಿಕೊಂಡಿರಲಾರದು. ಹಿರಿಯರು 5.40ಕ್ಕೆ ಬಂದರೆ ಅವರಿಗೆ ಉಳಿಯುವುದು ನಾಲ್ಕನೆಯ ತುಂಡು ಮಾತ್ರ. ಬೈಯುವ ಅಗತ್ಯವೇ ಬೀಳುವುದಿಲ್ಲ. ಆರಂಭದ ಇಪ್ಪತ್ತು ನಿಮಿಷ ಫಿಫಾ 11 ಪ್ಲಸ್ ಎಂಬ ಮೈ ಬಿಸಿಮಾಡುವ ವ್ಯಾಯಾಮಗಳನ್ನು ಮಾಡಿಸಿ, ಹುಡುಗರ ಮುಂದೆ ನಿಂತು ಅದನ್ನು ನಡೆಸುವ ಕೆಲಸವನ್ನು ಹಿರಿಯರಲ್ಲೇ ಒಬ್ಬನಿಗೆ ಒಪ್ಪಿಸಿ. ಮಂಡಿ, ಪಾದದ ಗಂಟುಗಳ ಪೆಟ್ಟು ಕಡಿಮೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಬರಲು ಅವನಿಗೆ ತನ್ನದೇ ಒಂದು ಕಾರಣವೂ ಸಿಗುತ್ತದೆ.

ನೀವು ಶಿಕ್ಷಕರೆಂಬುದನ್ನು ಕೊರತೆಯಂತೆ ಬರೆದಿದ್ದೀರಿ. ಭಾರತ ತಂಡಕ್ಕೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟ ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಕೂಡ ಶಾಲಾ ಶಿಕ್ಷಕರೇ. ಎಡಗಾಲು ಬಾರದವರಿಗಾಗಿ ಎಡಗಾಲಿನಿಂದಷ್ಟೇ ಆಡಬೇಕಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ವಾರಕ್ಕೊಂದು ದಿನ ಹಿರಿಯ ಕಿರಿಯರನ್ನು ಬೆರೆಸಿ ಹಾಗೆ ಆಡಿಸಿ ನೋಡಿ. ಇಪ್ಪತ್ತೆಂಟರ ಗಂಡಸು ಹನ್ನೆರಡರ ಹುಡುಗನಷ್ಟೇ ಎಡವುತ್ತಾನೆ, ಇಬ್ಬರೂ ನಗುತ್ತಾರೆ.

ಉತ್ತರ – ರೇಷ್ಮೆ ಮನೆ, ಶಿಡ್ಲಘಟ್ಟ

ನಾನು ತರಬೇತುದಾರಳಲ್ಲ, ಹದಿಮೂರು ವರ್ಷದ ಮಗಳು ಚಿಕ್ಕಬಳ್ಳಾಪುರದಲ್ಲಿ ಫುಟ್‌ಬಾಲ್ ಅಭ್ಯಾಸಕ್ಕೆ ಹೋಗುತ್ತಾಳೆಂಬ ಕಾರಣಕ್ಕೆ ಒಂದು ಮಾತು ಸೇರಿಸುತ್ತೇನೆ. ಹೊತ್ತಿಗೆ ಸರಿಯಾಗಿ ಬರುವುದೇ ಶಿಸ್ತು ಎಂದುಕೊಳ್ಳುವ ಮುನ್ನ ಬಾರದಿರುವುದಕ್ಕೆ ಕಾರಣವನ್ನು ಕೇಳಬೇಕು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕನೆಯ ಜ್ವರ ಎದ್ದ ಮೇಲೆ, ಎಂದರೆ ನಾಲ್ಕನೆಯ ಸಲ ಪೊರೆ ಕಳಚಿದ ಮೇಲೆ, ಹುಳು ಒಂದು ವಾರ ಹಗಲುರಾತ್ರಿ ಸೊಪ್ಪು ತಿನ್ನುತ್ತದೆ. ಹಣ್ಣಾದ ದಿನವಂತೂ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಮನೆಯ ಎಲ್ಲ ಕೈಗಳೂ ಬೇಕು. ಅರ್ಧ ದಿನ ತಡವಾದರೆ ಹುಳು ತಟ್ಟೆಯಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಆ ವಾರ ಮಗಳು ಮೂರು ದಿನ ಹೋಗಲಿಲ್ಲ. ಹಿಂದಿದ್ದ ತರಬೇತುದಾರರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಆಸಕ್ತಿಯಿಲ್ಲದವರು ಮನೆಯಲ್ಲೇ ಇರಬಹುದು ಎಂದರು. ಅವಳು ಬೂಟನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಳು.

ಈಗಿರುವವರು ಬಂದ ಮೊದಲ ವಾರವೇ ಪ್ರತಿ ಮನೆಗೆ ಬಂದು ಕೇಳಿದ್ದು, ಯಾವ ಯಾವ ದಿನ ಮಗುವನ್ನು ಕಳುಹಿಸಲಾಗುವುದಿಲ್ಲ ಎಂದು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಒಬ್ಬರ ಮನೆಯಲ್ಲಿ ಹುಳು, ಇನ್ನೊಬ್ಬರ ಮನೆಯಲ್ಲಿ ಟೊಮೆಟೊ ಕೊಯ್ಲು, ಮತ್ತೊಬ್ಬರ ಮನೆಯಲ್ಲಿ ಬುಧವಾರದ ಟ್ಯೂಷನ್. ಮೊದಲೇ ಹೇಳಿ ತಪ್ಪಿಸಿಕೊಂಡರೆ ತಪ್ಪಲ್ಲ, ಹೇಳದೆ ತಪ್ಪಿಸಿಕೊಂಡರೆ ಮುಂದಿನ ಪಂದ್ಯದಲ್ಲಿ ಮೊದಲಾರ್ಧ ಹೊರಗೆ. ಅಟ್ಟದಿಂದ ಬೂಟು ಕೆಳಗಿಳಿದದ್ದು ಹಾಗೆ, ಅಷ್ಟು ಹೊತ್ತಿಗೆ ಅದು ಅವಳ ಕಾಲಿಗೆ ಚಿಕ್ಕದಾಗಿತ್ತೆಂಬುದು ಬೇರೆ ಮಾತು. ನಿಮ್ಮ ಹಿರಿಯರು 5.40ಕ್ಕೆ ಏಕೆ ಬರುತ್ತಾರೆಂದು ಯಾರಾದರೂ ಕೇಳಿದ್ದಾರೆಯೇ?

ಉತ್ತರ – ಹಳೆಯ ಎಡಗಾಲು, ಮೂಲ ಕೆಜಿಎಫ್, ಈಗ ಬೆಂಗಳೂರು

ತುಮಕೂರಿನ ಹಿರಿಯರ ಮಾತಿಗೆ ಗೌರವವಿದ್ದರೂ ಒಂದು ವಿಷಯದಲ್ಲಿ ನನ್ನ ಸಹಮತವಿಲ್ಲ. ಆ ಸೆವೆನ್ಸ್ ಪಂದ್ಯಗಳನ್ನು ನಾನೂ ಆಡಿದ್ದೇನೆ. ಅಲ್ಲಿ ಹಣ ಕೊಡುವವರೆಲ್ಲರೂ ಆಟದ ಪ್ರೀತಿಗೆ ಕೊಡುವವರಲ್ಲ, ಗೆರೆಯ ಹೊರಗೆ ಬಾಜಿ ಕಟ್ಟುವವರೂ ಇರುತ್ತಾರೆ. ಬಾಡಿಗೆಗೆ ಆಡುವುದು ಬಡತನ, ಅದನ್ನು ಕ್ಷಮಿಸಬಹುದು. ಆದರೆ ಹುಡುಗರನ್ನು ಆ ಜನರ ಪರಿಚಯಕ್ಕೆ ಒಯ್ಯುವವನೊಬ್ಬ ಪ್ರತಿ ಕ್ಲಬ್ಬಿನಲ್ಲೂ ಇರುತ್ತಾನೆ. ಅವನನ್ನು ಮಾತ್ರ ಎಷ್ಟೇ ಚೆನ್ನಾಗಿ ಆಡುವವನಾದರೂ ಅಂದೇ ಕಳುಹಿಸಿಬಿಡಿ.

ವಯಸ್ಸಿನ ಬಗೆಗೂ ಎಚ್ಚರ ಬೇಕು. ನಮ್ಮ ಕಡೆ ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದ ಜೂನ್ 1 ಎಂಬ ಹುಟ್ಟಿದ ದಿನ ಎಷ್ಟು ಜನರಿಗಿದೆಯೆಂದರೆ, ಅಂದು ಜಿಲ್ಲೆಯ ಅರ್ಧಕ್ಕರ್ಧ ಜನ ಕೇಕ್ ಕತ್ತರಿಸಬೇಕಾಗುತ್ತದೆ. ಹದಿನೇಳರವನನ್ನು 14ರೊಳಗಿನ ತಂಡದಲ್ಲಿ ಆಡಿಸಿ ಗೆದ್ದ ಕ್ಲಬ್ಬುಗಳನ್ನು ನೋಡಿದ್ದೇನೆ. ಆ ತಂಡದ ನಿಜವಾದ ಹದಿಮೂರರವರು ಮೂಲೆಯಲ್ಲಿ ಕುಳಿತೇ ದೊಡ್ಡವರಾದರು. ಪ್ರಾಮಾಣಿಕವಾದ ವಯಸ್ಸಿನಲ್ಲೂ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹೆಚ್ಚು ಕಡಿಮೆ ಒಂದು ವರ್ಷ ದೊಡ್ಡವನು, ಗಾತ್ರ ನೋಡಿ ಆರಿಸುವ ಕಣ್ಣಿಗೆ ಅವನೇ ಪ್ರತಿಭಾವಂತನಾಗಿ ಕಾಣುತ್ತಾನೆ. ಚಿಕ್ಕವನನ್ನು ಇನ್ನೆರಡು ವರ್ಷ ಕೈಬಿಡದೆ ಇಟ್ಟುಕೊಳ್ಳಿ.

ಸಮಿತಿಯವರಿಗೆ ಹೇಳಲು ಒಂದು ಲೆಕ್ಕ ಕೊಡುತ್ತೇನೆ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ರಾಜ್ಯ ತಂಡಗಳ ಫುಟ್‌ಬಾಲಿನ ಸಂತೋಷ್ ಟ್ರೋಫಿ ಗೆದ್ದ ನಮ್ಮ ರಾಜ್ಯ ಅದನ್ನು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ. ಇಡೀ ರಾಜ್ಯ ಅಷ್ಟು ಕಾದಿರುವಾಗ ನಿಮ್ಮ ಸಮಿತಿ ಮೂರು ವರ್ಷ ಕಾಯಲಾರದೇ?

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ – ಗಣಿ ಮೈದಾನ, ಕೆಜಿಎಫ್

ಉತ್ತರಿಸಿದ ಮೂವರಿಗೂ ವಂದನೆಗಳು. ಶಿಡ್ಲಘಟ್ಟದ ತಾಯಿಯವರ ಪ್ರಶ್ನೆಯಿಂದಲೇ ಆರಂಭಿಸಿದೆ. ತಡವಾಗಿ ಬರುವ ಹದಿನಾರರಲ್ಲಿ ಏಳು ಮಂದಿ ಬಂಗಾರಪೇಟೆ, ಮಾಲೂರುಗಳಿಂದ ಕೆಲಸ ಮುಗಿಸಿ ಬರುವವರು, ಅವರ ಬಸ್ಸು ರಾಬರ್ಟ್‌ಸನ್‌ಪೇಟೆ ತಲುಪುವುದೇ 5.25ಕ್ಕೆ. ಇಷ್ಟು ತಿಂಗಳು ನಾನು ಕೇಳಿರಲೇ ಇಲ್ಲ. ಹಿರಿಯರ ಅಭ್ಯಾಸವನ್ನು 5.45ಕ್ಕೆ ಇಟ್ಟೆ, ಹುಡುಗರದು 4.45ಕ್ಕೆ. ಈಗ ತಡಮಾಡಲು ಕಾರಣವಿಲ್ಲದಿದ್ದವರು ಯಾರೆಂಬುದು ತಾನಾಗಿಯೇ ತಿಳಿಯಿತು. ಅವರಲ್ಲಿ ಮೂವರು ಬರುವುದನ್ನು ಬಿಟ್ಟರು. ಬಾಜಿಯವರ ಕಡೆಗೆ ಹುಡುಗರನ್ನು ಕರೆದೊಯ್ಯುತ್ತಿದ್ದವನೂ ಆ ಮೂವರಲ್ಲಿ ಒಬ್ಬ, ಹಾಗಾಗಿ ನಾನು ಬಾಯಿಬಿಟ್ಟು ಕಳುಹಿಸುವ ಧೈರ್ಯ ತೋರಬೇಕಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ನನ್ನ ಕ್ಯಾಂಟೊನಾ ಮೂವತ್ತನಾಲ್ಕು ವರ್ಷದ ಆಟೊ ಚಾಲಕ, ನಮ್ಮ ಹಿರಿಯ ಗೋಲ್‌ಕೀಪರ್. ಕೇಳುವ ಮೊದಲೇ ಹುಡುಗರ ವೇಳೆಗೆ ಬರತೊಡಗಿದ. ಕಲ್ಲುಹರಳಿನ ನೆಲದಲ್ಲಿ ಬೀಳಲು ಹೆದರುತ್ತಿದ್ದ ಹನ್ನೆರಡರ ಹುಡುಗನಿಗಾಗಿ ಕಡಲೆಕಾಯಿ ಸಿಪ್ಪೆ ತುಂಬಿದ ಎರಡು ಗೋಣಿಚೀಲಗಳನ್ನು ಆಟೊದಲ್ಲಿ ಹಾಕಿಕೊಂಡು ಬಂದು ಹಾಸಿದ. ತನ್ನ ಕೈಗವಸನ್ನೇ ಅವನಿಗೆ ತೊಡಿಸಿದ; ಬೆರಳುಗಳ ತುದಿ ಮಡಚಿಕೊಂಡು ಜೋತಾಡುತ್ತಿದ್ದವು, ಮಣಿಕಟ್ಟಿಗೆ ಕರೆಂಟು ಟೇಪು ಸುತ್ತಿದ. "ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಹೆಗಲು" ಎಂದು ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತ, ಚೆಂಡಿಲ್ಲದೆಯೇ ಅವನನ್ನು ಮೂವತ್ತು ಸಲ ಬೀಳಿಸಿದ. ಹುಡುಗ ನಾಲ್ಕನೆಯ ದಿನ ಚೀಲವನ್ನು ತಾನೇ ಪಕ್ಕಕ್ಕೆ ಎಳೆದಿಟ್ಟ.

ಕಳೆದ ಭಾನುವಾರದ ಪಂದ್ಯವನ್ನು 1-3ರಿಂದ ಸೋತೆವು. ಹನ್ನೊಂದೂ ಜನರಿದ್ದರು, ಅವರಲ್ಲಿ ಮೂವರು ಹದಿನೇಳು ದಾಟದವರು. ಸಮಿತಿಗೆ 54 ವರ್ಷಗಳ ಲೆಕ್ಕವನ್ನು ಹೇಳಿದೆ; ಖಜಾಂಚಿಯವರು ಹಾಗಾದರೆ ಚಂದಾ ಕೂಡ 54 ವರ್ಷ ತಡೆಯಿರಿ ಎಂದರು. ಹೊಸ ಚೆಂಡುಗಳಿಗೆ ಹಣ ಸಿಗಲಿಲ್ಲ. 4ನೇ ಅಳತೆಯ ಚೆಂಡುಗಳು ಇರುವುದು ಎರಡೇ, ನಾಲ್ಕು ತುಂಡಿನ ಮೈದಾನದಲ್ಲಿ ಎರಡರಲ್ಲಿ ಇನ್ನೂ ದೊಡ್ಡ ಚೆಂಡೇ ನಡೆಯುತ್ತಿದೆ.

ಒಂದು ಸಹಾಯ ಬೇಕು. ಹನ್ನೆರಡು ವರ್ಷದವನ ಕೈಗೆ ಸರಿಹೊಂದುವ ಗೋಲ್‌ಕೀಪರ್ ಕೈಗವಸು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುತ್ತಿಲ್ಲ. ತುಮಕೂರಿನಲ್ಲಿ ಸಿಗುವುದಾದರೆ ತಿಳಿಸಿ.

ಉತ್ತರ – ಬಿಳಿಗೆರೆ, ತುಮಕೂರು

ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗಿನ ಅಳತೆಯನ್ನು ಕಳುಹಿಸಿ, ಒಂದು ಬೆರಳಿನಗಲ ಹೆಚ್ಚಿಗೆ ಸೇರಿಸಿ. ಬೆಳೆಯುವ ಕೈ.